ಆಡಬಹುದಂತೆ

ನೆನೆಸಿದ ಅವರೆಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿತುಕಿದರೆ ಕಾಳು ಪುಳಕ್ಕನೆ ಬಟ್ಟಲಿಗೆ ಹಾರಬೇಕು, ಸಿಪ್ಪೆ ಬೆರಳಲ್ಲೇ ಉಳಿಯಬೇಕು. ದೇವಿರಮ್ಮ ಅರ್ಧ ಸೇರು ಮುಗಿಸಿ ಇನ್ನರ್ಧಕ್ಕೆ ಕೈ ಹಾಕಿದ್ದಳು. ಎದುರಿಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಫೋನು ನಿಂತಿತ್ತು. ಅದರ ಹಿಂದೆ ಅವಳ ತಮ್ಮನ ಮಗ ರವಿಚಂದ್ರ, ದಪ್ಪ ಅಕ್ಷರದಲ್ಲಿ ಬರೆದ ಹಾಳೆಯೊಂದನ್ನು ಅವಳಿಗೆ ಕಾಣುವಂತೆ ಎತ್ತಿ ಹಿಡಿದಿದ್ದ.

“ಕೈ ನಿಲ್ಲಿಸ್ಬ್ಯಾಡ ಕಣತ್ತೆ. ಇತುಕ್ತಾ ಇತುಕ್ತಾನೇ ಯೋಳ್ಕೊಂಡೋಗು.”

ರವಿಗೆ ಮಳವಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಜೊತೆಗೆ ವಿಡಿಯೊ ಗೇಮಿನ ಸುದ್ದಿ ಹೇಳುವ ಒಂದು ಯೂಟ್ಯೂಬ್ ಚಾನೆಲ್ಲು. ಅವನು ಹೇಳುತ್ತಿದ್ದಾಗ ನೂರು ಜನ ನೋಡುತ್ತಿರಲಿಲ್ಲ. ಒಂದು ಸಲ ಹಲಗೂರಿನ ಅತ್ತೆ ಮನೆಯಲ್ಲಿ ಕೂತು ವಿಡಿಯೊ ಮಾಡುವಾಗ ದೇವಿರಮ್ಮ ಹಿಂದಿನಿಂದ “ಅದೇನ್ಲಾ ಒಡ್ದಾಟ, ಊಟಕ್ಕೆ ಬಾ” ಎಂದದ್ದು ಅದರಲ್ಲಿ ಸೇರಿಬಿಟ್ಟಿತು. ಜನಕ್ಕೆ ಅದೇ ಹಿಡಿಸಿತು. ಅಂದಿನಿಂದ ಸುದ್ದಿ ಹೇಳುವವಳು ಅತ್ತೆ, ಹಾಳೆ ಹಿಡಿಯುವವನು ಅಳಿಯ.

ಈ ಸಲದ ಸುದ್ದಿ ಇನ್ನೂ ಮಾರುಕಟ್ಟೆಗೆ ಬಾರದ ಒಂದು ಹೊಸ ಗೇಮ್ ಕನ್ಸೋಲಿನದು, ಅದರಲ್ಲಿ ಏನೇನು ಇರಬಹುದು ಎಂಬುದು.

“ಟೀವಿಗೆ ಸಿಗಿಸೋ ಗೇಮಿನ ಪೆಟ್ಗೆ ಹೊಸದು ಬತ್ತದಂತೆ ಕಣ್ರಪ್ಪ,” ಎಂದಳು ದೇವಿರಮ್ಮ. “ಹಳೇ ಡಿಸ್ಕೂ ಅದ್ರಲ್ಲಿ ಓಡ್ತದಂತೆ. ಒಳ್ಗಿನ ಫ್ಯಾನು ಸದ್ದೇ ಮಾಡಕಿಲ್ವಂತೆ. ಬೇಕು ಅಂದ್ರೆ ಟೀವಿಯಿಂದ ಕಿತ್ಕೊಂಡು ಬಸ್ಸಲ್ಲಿ ಕೂತ್ಕೊಂಡೂ ಆಡ್ಬೋದಂತೆ. ಕೈಲಿ ಹಿಡ್ದು ಆಡೋ ಅದ್ರ ಹಿಡಿಕೆ ಹೆಂಗಿರ್ತದೆ ಅಂದ್ರೆ, ಒಂದೇ ಕೈ ಇರೋರೂ ಆಡ್ಬೋದಂತೆ.”

ರವಿ ಹಾಳೆ ಕೆಳಗಿಳಿಸಿದ. “ಅತ್ತೆ, ಇದ್ರಲ್ಲಿ ‘ಅಂತೆ’ ಎಲ್ಲದೆ? ‘ಬರುತ್ತದೆ’, ‘ಆಡಬಹುದು’ ಅಂತ ತಾನೆ ಬರ್ದಿರೋದು?”

“ಆ ಪೆಟ್ಗೇನ ನೀನು ಕಣ್ಣಾರೆ ಕಂಡಿದ್ದೀಯೇನ್ಲಾ?”

“ಇನ್ನೂ ಬಂದೇ ಇಲ್ವಲ್ಲ, ಯಾರು ಕಂಡವ್ರೆ? ಇಂಟರ್ನೆಟ್ಟಲ್ಲಿ ಲೀಕ್ ಆಗದೆ.”

“ಲೀಕ್ ಆಯ್ತಾ ಇರೋದು ಸುದ್ದಿನೋ ಬಿಂದಿಗೆನೋ? ನಾ ಕಾಣದೆ ಇರೋದ್ನ ‘ಅದೆ’ ಅಂತ ಅನ್ನಕಿಲ್ಲ ಕಣ್ಲಾ. ನಲವತ್ತು ವರ್ಸಕ್ಕೆ ಅಕ್ಸರ ಕಲ್ತೋಳು ನಾನು. ಒಂದಕ್ಸರ ಆಚೀಚೆ ಆದ್ರೂ ನಂಗೆ ತಿಳೀತದೆ.”

ರವಿ ನಕ್ಕು, ಆಯ್ತು ಬುಡು ಎಂದ. ಅಷ್ಟು ಬೇಗ ಒಪ್ಪುವ ಹುಡುಗನಲ್ಲ ಅವನು. ದೇವಿರಮ್ಮನ ಮನಸ್ಸಿನಲ್ಲಿ ಏನೋ ಕೊರೆಯಿತು. ಆದರೆ ಒಲೆಯ ಮೇಲೆ ಎಸರು ಕುದಿಯುತ್ತಿತ್ತು, ಎದ್ದು ಹೋದಳು.

ಹದಿನೈದು ದಿನ ಕಳೆದ ಮೇಲೆ ಪೋಸ್ಟಿನ ಚಿಕ್ಕಮಾದು ಬಾಗಿಲಲ್ಲಿ ನಿಂತು ಸೈಕಲ್ ಬೆಲ್ಲು ಬಾರಿಸಿದ. “ಅವ್ವೋ, ನೀನು ದೊಡ್ ಮನ್ಸಿ ಆಗೋದೆ! ಬೀದಿ ಇಲ್ಲ, ನಂಬರಿಲ್ಲ, ‘ವಿಡಿಯೊದ ದೇವಿರಮ್ಮನವರು, ಹಲಗೂರು’ ಅಂತ ಬರ್ದು ಹಾಕವ್ರೆ. ಬಂದದೆ ನೋಡು.”

ಬರೆದವನು ಮದ್ದೂರಿನ ಸ್ವರೂಪ್. ಗೆಜ್ಜಲಗೆರೆಗೆ ಕೆಲಸಕ್ಕೆ ಹೋಗುವಾಗ ಬೈಕಿನಿಂದ ಬಿದ್ದು ಬಲಗೈ ಸ್ವಾಧೀನ ತಪ್ಪಿದೆಯೆಂದು ತಿಳಿಸಿದ್ದ. ಮುಂಚೆ ಸಂಜೆ ಹೊತ್ತು ಮಗಳ ಜೊತೆ ಗೇಮಿನಲ್ಲಿ ಕ್ರಿಕೆಟ್ ಆಡುತ್ತಿದ್ದನಂತೆ. ಈಗ ಅವಳು ಒಬ್ಬಳೇ ಆಡುತ್ತಾಳೆ, ಇವನು ಪಕ್ಕದಲ್ಲಿ ಕೂತು ನೋಡುತ್ತಾನೆ. ಮಂಡ್ಯದ ಗೆಳೆಯನೊಬ್ಬ ಈಗಿರುವ ಪೆಟ್ಟಿಗೆಗೇ ಒಂದು ಕೈಗೆ ಹೊಂದುವ ಹಿಡಿಕೆ ಮಾಡಿಕೊಡುತ್ತೇನೆಂದು ಮುಂದೆ ಬಂದಿದ್ದಾನೆ. ಯುಗಾದಿ ಕಳೆದರೆ ಆ ಗೆಳೆಯ ಕೆಲಸದ ಮೇಲೆ ಪುಣೆಗೆ ಹೊರಟುಬಿಡುತ್ತಾನೆ. ‘ಒಂದೇ ಕೈ ಇರುವವರೂ ಆಡಬಹುದು ಎಂದು ನೀವು ಹೇಳಿದಿರಿ. ಹೊಸದೇ ಬರುತ್ತದಲ್ಲ ಎಂದು ಅವನಿಗೆ ಬೇಡ ಅಂದಿದ್ದೇನೆ. ಇದು ನಿಜ ತಾನೇ ಅಮ್ಮ? ವಿಡಿಯೊ ಕೆಳಗೆ ಮೂರು ಸಲ ಕೇಳಿದೆ, ಮೂರು ಸಲವೂ ಅಳಿಸಿಹೋಯಿತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.’

ದೇವಿರಮ್ಮ ಎರಡು ಸಲ ಓದಿದಳು. ತಾನು ‘ಆಡಬಹುದು’ ಎಂದಿಲ್ಲ. ಇದು ಯಾರ ಆಟ?

ಆ ಭಾನುವಾರ ಬಂದ ರವಿ ಕಾಗದದ ಮೇಲೆ ಕಣ್ಣಾಡಿಸಿ ಮಡಚಿಟ್ಟ. “ಫ್ರಾಡು ಕಣತ್ತೆ. ಬೇರೆ ಚಾನೆಲ್ಲೋರು ಇಂಗೇ ಕಾಗ್ದ ಬರ್ದು, ನೀನು ಉತ್ರ ಕೊಟ್ರೆ ಅದ್ನ ಫೋಟೊ ಹೊಡ್ದು ಹಾಕಿ ಮಾನ ಕಳೀತಾರೆ. ಉತ್ರ ಗಿತ್ರ ಬರೀಬ್ಯಾಡ.”

ಇದ್ದರೂ ಇರಬಹುದು ಎನ್ನಿಸಿತು. ಆದರೆ ಆ ಅಕ್ಷರ? ಒಂದೊಂದೂ ಎಡಕ್ಕೆ ವಾಲಿತ್ತು, ಒತ್ತಿ ಬರೆದ ಕಡೆ ಹಾಳೆ ಹರಿದಿತ್ತು. ಕೈಗೆ ಒಗ್ಗದ ಪೆನ್ನು ಹಿಡಿದವರು ಹೇಗೆ ಬರೆಯುತ್ತಾರೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೋಸ ಮಾಡುವವನು ಇಷ್ಟು ಕಷ್ಟಪಟ್ಟು ಬರೆದಾನೆಯೆ? ಅಥವಾ ತನಗೇ ವಯಸ್ಸಾಗಿ, ಅಂದದ್ದು ಮರೆತುಹೋಗಿದೆಯೆ? ಒಂದು ದಿನ ಸ್ವರೂಪನ ಮೇಲೆ ಅನುಮಾನ, ಒಂದು ದಿನ ರವಿಯ ಮೇಲೆ, ಇನ್ನೊಂದು ದಿನ ತನ್ನ ನಾಲಿಗೆಯ ಮೇಲೇ. ಪೋಸ್ಟ್ ಕವರು ತಂದು ವಿಳಾಸ ಬರೆದಿಟ್ಟಳು. ಒಳಗೆ ಹಾಕಲು ಮಾತು ಹುಟ್ಟಲಿಲ್ಲ. ಶಿವರಾತ್ರಿಯೂ ಕಳೆಯಿತು.

ಅವಳ ಫೋನು ಬಟನ್ನಿನದು, ಅದರಲ್ಲಿ ವಿಡಿಯೊ ಕಾಣುವುದಿಲ್ಲ. ಕೊನೆಗೆ ಪಕ್ಕದ ಮನೆಯ ಅಂಗನವಾಡಿ ಟೀಚರ್ ಹೇಮಶ್ರೀಯ ಬಳಿ ಹೋದಳು.

“ನಿಮ್ಮ ಮುಖ ನೀವೇ ನೋಡಿಲ್ವಾ ದೇವಿರಮ್ಮಾರೇ? ಊರೆಲ್ಲಾ ನೋಡಾಯ್ತು!” ಎಂದು ಹೇಮಶ್ರೀ ವಿಡಿಯೊ ಹಾಕಿದಳು.

ತನ್ನ ಮುಖದ ಕೆಳಗೆ ಕೆಂಪು ಅಕ್ಷರದಲ್ಲಿ ‘ಖಚಿತ!’ ಎಂದಿತ್ತು. ತನ್ನದೇ ದನಿ: “ಒಂದೇ ಕೈ ಇರೋರೂ ಆಡ್ಬೋದು.”

ದೇವಿರಮ್ಮ ಫೋನಿನ ಹತ್ತಿರಕ್ಕೆ ಬಗ್ಗಿದಳು. ಅಂದದ್ದು ನಾನೇ. ಹಾಗಾದರೆ ಮದ್ದೂರಿನವನು ಸುಳ್ಳನಲ್ಲ.

“ಇನ್ನೊಂದ್ಸಲ ಹಾಕವ್ವ.”

ಈ ಸಲ ಮುಖ ನೋಡಲಿಲ್ಲ, ಕೈ ನೋಡಿದಳು. ಬೆರಳ ನಡುವೆ ಕಾಳಿತ್ತು, ಇನ್ನೂ ಹಿತುಕಿರಲಿಲ್ಲ. “ಆಡ್ಬೋದು” ಎನ್ನುತ್ತಲೇ ಕಾಳು ಬಟ್ಟಲಲ್ಲಿತ್ತು, ಬೆರಳಲ್ಲಿ ಬರೀ ಸಿಪ್ಪೆ. ಹಾರಿದ್ದೇ ಕಾಣಲಿಲ್ಲ. “ಓಡ್ತದೆ” ಎಂದ ಕಡೆಯೂ ಹಾಗೇ, “ಬತ್ತದೆ” ಎಂದ ಕಡೆಯೂ ಹಾಗೇ. ಐವತ್ತು ವರ್ಷದಿಂದ ಅವರೆ ಹಿತುಕಿದ ಕೈ ಅದು. ಸಿಪ್ಪೆ ಬಿಟ್ಟ ಕಾಳು ಬಟ್ಟಲು ಮುಟ್ಟಲು ಎಷ್ಟು ಹೊತ್ತು ಬೇಕೆಂದು ಅವಳಿಗೆ ಗೊತ್ತು. ಸರಿಯಾಗಿ ಒಂದು ‘ಅಂತೆ’ ಅನ್ನುವಷ್ಟು.

ಮುಂದಿನ ಭಾನುವಾರ ರವಿ ಸ್ಟ್ಯಾಂಡು ಬಿಚ್ಚುತ್ತಿರುವಾಗ ಕೇಳಿದಳು. “ಮಾತಿನ ಬಾಲ ಯಾಕ್ಲಾ ಕೊಯ್ದೆ?”

ಅವನು ತಿರುಗಿ ನೋಡಲಿಲ್ಲ. “ಯಾವ ಬಾಲ?”

“ನಂಗೆ ಕಿವುಡಿ ಪಾರ್ಟು ಕೊಡ್ಬ್ಯಾಡ. ಆ ಮದ್ದೂರಿನ ಕೈ ಸೋತೋನು ಕೇಳಿದ್ದನ್ನ ಅಳಿಸ್ದೋನೂ ನೀನೇಯ?”

ರವಿ ನೆಲ ನೋಡಿದ. “ಅಂತೆ ಕಂತೆ ಕೇಳೋಕೆ ಯಾರು ಬತ್ತಾರತ್ತೆ? ಖಚಿತ ಅಂದ್ರೆ ನೋಡ್ತಾರೆ. ಅವ್ನು ಕೇಳ್ದಾಗ ಏನಂತ ಯೋಳ್ಲಿ? ನಂಗೇ ಗೊತ್ತಿಲ್ಲ. ಬಂದ್ರೂ ಬರ್ಬೋದು ಅಂದ್ಕೊಂಡೆ.”

“ನಿಂಗೆ ಗೊತ್ತಿಲ್ದೆ ಇರೋದ್ನ ನನ್ ಬಾಯಲ್ಲಿ ಆಡಿಸ್ಬುಟ್ಟೆ. ಅವ್ನು ಅದ್ನೇ ನಂಬ್ಕೊಂಡು, ಕೈಗೆ ಬಂದಿದ್ದ ಹಿಡಿಕೆನೂ ಬ್ಯಾಡ ಅಂದವ್ನೆ.”

ಯುಗಾದಿಗೆ ಇನ್ನು ಒಂಬತ್ತು ದಿನವಿತ್ತು.

ಅವಳು ಅಲ್ಲೇ ಮಣೆಯ ಮೇಲೆ ಕೂತು, ತೊಡೆಯ ಮೇಲೆ ತಟ್ಟೆ ಬೋರಲು ಹಾಕಿಕೊಂಡು ಬರೆದಳು. ‘ಚಿರಂಜೀವಿ ಸ್ವರೂಪನಿಗೆ. ನಾನು ಕೇಳಿದ ಮಾತನ್ನು ಕಂಡ ಮಾತಿನಂತೆ ತೋರಿಸಿದ್ದಾರೆ. ತೋರಿಸಿದವರು ನಮ್ಮ ಮನೆಯವರೇ. ಹೊಸ ಪೆಟ್ಟಿಗೆಯಲ್ಲಿ ಒಂದು ಕೈಯ ಹಿಡಿಕೆ ಬರುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ನಿನ್ನ ಗೆಳೆಯ ಊರು ಬಿಡುವ ಮೊದಲು ಹೂಂ ಅನ್ನು. ಇಷ್ಟು ದಿನ ಬರೆಯದೆ ಇದ್ದದ್ದು ನನ್ನ ತಪ್ಪು. ನಾನು ನಿನ್ನನ್ನೇ ಅನುಮಾನಿಸಿದೆ. ಮಗಳ ಜೊತೆ ಆಡು.’

ಕವರು ಅಂಟಿಸುವುದನ್ನು ನೋಡಿ ರವಿ ಕೈ ಚಾಚಿದ. “ಕೊಡತ್ತೆ, ಸಂಜೆ ಮಳವಳ್ಳಿಗೆ ಓಯ್ತೀನಲ್ಲ, ನಾನೇ ಡಬ್ಬಕ್ಕೆ ಹಾಕ್ತೀನಿ.”

“ನೀನಾ?” ಎಂದು ದೇವಿರಮ್ಮ ಕವರನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಸೋಮವಾರ ಬೆಳಿಗ್ಗೆ ಪೋಸ್ಟಾಫೀಸಿನ ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತಿದ್ದಳು. ಚಿಕ್ಕಮಾದು ಕವರು ಇಸಿದುಕೊಂಡು ಮೇಜಿನ ಮೇಲಿಟ್ಟ. ಅವಳು ಕದಲಲಿಲ್ಲ.

“ಇನ್ನೇನವ್ವ?”

“ಮುದ್ರೆ ಒತ್ತು.”

“ಆಮೇಕೆ ಎಲ್ಲಾ ಸೇರ್ಸಿ ಒತ್ತೀನಿ. ನನ್ ಮೇಲೂ ನಂಬ್ಕೆ ಇಲ್ವಾ?”

“ನಂಬ್ಕೆ ಅದೆ ಕಣಪ್ಪ. ನೀನು ಒತ್ತು.”

ಚಿಕ್ಕಮಾದು ನಗುತ್ತಾ ಮುದ್ರೆಯನ್ನು ಮಸಿಗೆ ಅದ್ದಿ ಧಪ್ಪೆಂದು ಒತ್ತಿದ. ದೇವಿರಮ್ಮ ಬಗ್ಗಿ, ತಾರೀಖು ಸರಿಯಾಗಿ ಮೂಡಿದೆಯೇ ಎಂದು ಓದಿದಳು. ಕವರು ಚೀಲಕ್ಕೆ ಬಿದ್ದು, ಚೀಲದ ಬಾಯಿ ಕಟ್ಟಿ, ಮದ್ದೂರಿನ ಕಡೆಗೆ ಹೊರಟ ಮೇಲೆಯೇ ಮೆಟ್ಟಿಲು ಇಳಿದಳು.