ನಕ್ಷೆಗೆ ಸೇರದ ಬೇವಿನ ಮರ

ಸಂಜೆಯ ಬಿರುಗಾಳಿಗೆ ನಾರಾಯಣಪೇಟೆಯ ನೇಕಾರರ ಓಣಿಯ ಬೇವಿನ ಮರ ಬುಡಸಮೇತ ಉರುಳಿತು. ಪಕ್ಕದ ಹಳೆಯ ಗೋಡೆಯನ್ನೂ ಎಳೆದುಕೊಂಡು ದಾರಿಗೆ ಅಡ್ಡ ಬಿತ್ತು. ಬೆಳಿಗ್ಗೆ ಪುರಸಭೆಯ ವಾರ್ಡ್ ಸಿಬ್ಬಂದಿ ದೇವಿಕಾ, ಓಣಿಯ ಹಿರಿಯ ಕರಿಬಸಯ್ಯನವರಿಗೆ ಫೋನ್ ಮಾಡಿದಳು.

"ತಾತಾ, ನಿಮ್ಮ ಓಣ್ಯಾಗ ಏನರ ಬಿದ್ದೈತೇನ್ರಿ? ಲೊಕೇಶನ್ ಆನ್ ಮಾಡಿ ಒಂದು ಫೋಟೋ ಕಳಸ್ರಿ. ಮ್ಯಾಪಿನಾಗ ಕೆಂಪು ಚುಕ್ಕಿ ಬೀಳತೈತಿ. ಅದನ್ನ ನೋಡೇ ಬಿದ್ದದ್ದನ್ನ ಎತ್ತಾಕ ಪುರಸಭೆ ಟ್ರ್ಯಾಕ್ಟರ್ ಬರತೈತಿ. ಆಂಬುಲೆನ್ಸಿನವರೂ ಅದನ್ನ ನೋಡೇ ದಾರಿ ಹಿಡೀತಾರ."

"ಫೋನಿನಾಗ ಚುಕ್ಕಿ ಇಟ್ರ ಬಿದ್ದ ಮರ ಏಳತೈತೇನವ್ವಾ?" ಎಂದು ತಾತ ನಕ್ಕರು. "ನಮ್ಮ ಓಣಿ ಸಾಫ್ ಐತಿ."

ಸಾಫ್ ಎಲ್ಲಿಂದ ಬರಬೇಕು? ಟ್ರ್ಯಾಕ್ಟರ್ ಬಂದರೆ ಮರ ಕೈತಪ್ಪುತ್ತದೆಂಬ ಭಯ ಅವರಿಗೆ. ಬಚ್ಚಲಿಗೊಂದು ಬಾಗಿಲು ಮಾಡಿಸಿ ಎಂದು ಹೆಂಡತಿ ಚನ್ನವೀರಮ್ಮ ಕೇಳಿ ಕೇಳಿ ಸೋತಿದ್ದರು. ಬಡಗಿ ಮಾರೆಪ್ಪ ನಾಳೆ ಬಂದು ಕೊಯ್ಯುತ್ತೇನೆಂದಿದ್ದ. ಒಂದು ದಿನಕ್ಕೆ ಯಾವ ಊರು ಮುಳುಗೀತು ಅಂದುಕೊಂಡರು. ಓಣಿಯ ಉಳಿದವರು, ತಾತ ಹೇಳಿರುತ್ತಾರೆ ಬಿಡು ಎಂದು ಸುಮ್ಮನಾದರು.

ಅದೇ ಮಧ್ಯಾಹ್ನ ಚನ್ನವೀರಮ್ಮನಿಗೆ ಎದೆನೋವು ಬಂತು. ಆಂಬುಲೆನ್ಸ್ ಚಾಲಕ ಕೆಂಪು ಚುಕ್ಕಿಯಿಲ್ಲದ ಹತ್ತಿರದ ದಾರಿ ಹಿಡಿದು ಬಂದು ಬೇವಿನ ಮರದ ಮುಂದೆ ನಿಂತ. ಟೊಂಗೆ, ಗೋಡೆಯ ಕಲ್ಲುಗಳ ಮೇಲೆ ಸ್ಟ್ರೆಚರ್ ದಾಟಿಸಲು ನೋಡಿದರು, ಆಗಲಿಲ್ಲ. ಹಿಂದಕ್ಕೆ ಸರಿದು, ಊರು ಸುತ್ತಿ, ಆಚೆ ಬದಿಯಿಂದ ಬರುವಷ್ಟರಲ್ಲಿ ಆಕೆಯ ಕೈ ತಣ್ಣಗಾಗಿತ್ತು. ಯಾರು ಎಷ್ಟು ಹೇಳಿದರೂ ಕರಿಬಸಯ್ಯ ಆ ಕೈಯನ್ನು ಬಿಡಲಿಲ್ಲ.

ಕಾರ್ಯ ಮುಗಿದ ಮೇಲೆ ದೇವಿಕಾ ಮಾತಾಡಿಸಲು ಬಂದಳು.

"ಮಂದಿ, ದೇವರು ಕರಕೊಂಡ ಅಂತಾರವ್ವಾ. ಬಾಗಿಲದ ಕಟ್ಟಿಗಿ ಆಸೇಕ ದಾರಿ ಮುಚ್ಚಿದಾಂವ ನಾನು," ಎಂದು ತಾತ ಅತ್ತರು. "ಒಂದು ಚುಕ್ಕಿ ಇಟ್ಟಿದ್ರ ಆ ಡ್ರೈವರ್ ಮೊದಲಿಗೇ ಆಚೀ ಕಡಿಂದ ಬರತಿದ್ದ."

ದಾರಿ ತೆರವಾದರೆ ಸಾಕಿತ್ತು, ಕೇಳಿದ್ದರೆ ಪುರಸಭೆಯವರು ದಿಮ್ಮಿಯನ್ನು ತಾತನಿಗೇ ಬಿಡುತ್ತಿದ್ದರು. ಆ ಮಾತು ಬಾಯಿಗೆ ಬಂದರೂ ದೇವಿಕಾ ನುಂಗಿಕೊಂಡಳು. ಹೇಳಿ ಏನು ಮಾಡುವುದು?

ಮೊನ್ನೆ ಮತ್ತೆ ಗಾಳಿ ಬೀಸಿತು. ಎಲ್ಲರಿಗಿಂತ ಮೊದಲು ಫೋನ್ ಮಾಡಿದವರು ಕರಿಬಸಯ್ಯನವರೇ.

"ಟೊಂಗಿ ಬಿದ್ದೈತವ್ವಾ. ಅದರ ಮುಂದ ನಿಂತೇ ಫೋಟೋ ಕಳಿಸೇನಿ. ನಮ್ಮಾಕಿಗೆ ಇನ್ನ ಆಂಬುಲೆನ್ಸ್ ಬ್ಯಾಡ. ಮಂದಿಗೆ ಬೇಕಾಗತೈತಿ."

ಅಕ್ಕಂದಿರೇ, ಅಣ್ಣಂದಿರೇ, ಗಾಳಿ ನಿಂತ ಮೇಲೆ ನಿಮ್ಮ ಓಣಿಯನ್ನೊಮ್ಮೆ ನೋಡಿ. ಕರೆಂಟ್ ತಂತಿ ಹರಿದಿದ್ದರೆ ಹತ್ತಿರ ಹೋಗಬೇಡಿ, ದೂರದಿಂದಲೇ ಫೋನ್ ಮಾಡಿ ತಿಳಿಸಿ. ತಂತಿಯ ಅಪಾಯ ಇಲ್ಲದಿದ್ದರೆ ಬಿದ್ದ ಜಾಗದಲ್ಲೇ ನಿಂತು, ಲೊಕೇಶನ್ ಹಾಕಿ, ಫೋಟೋ ತೆಗೆದು ವಾರ್ಡ್ ಸಿಬ್ಬಂದಿಗೆ ಕಳಿಸಿ. ಬೇರೆ ಯಾರೋ ಹೇಳಿರುತ್ತಾರೆ ಎಂದು ಸುಮ್ಮನಿರಬೇಡಿ. ಆಂಬುಲೆನ್ಸ್ ಯಾರ ಮನೆಗೆ ಹೊರಟಿದೆಯೋ ಯಾರಿಗೆ ಗೊತ್ತು?