ಸದ್ದು ನಿಂತ ಮೇಲೆ

2025ರ ಮಾರ್ಚ್ ಒಂಬತ್ತು, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಅಡುಗೆಮನೆಯ ಬಾಗಿಲ ಹೊರಗೆ, ಒಲೆಕಟ್ಟೆಯಿಂದ ಮೂರು ಮೀಟರ್ ದೂರದಲ್ಲಿ, ನಾನು ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಒಳಗೆ ಅತ್ತಿಗೆ ಬಟಾಣಿ ಬೇಯಿಸಿ, ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರಿನ ಉಗಿಯ ವಾಲ್ವನ್ನು ಬಿಡುವ ಕಡೆಗೆ ತಿರುಗಿಸಿದ್ದಳು. ಉಗಿ ಮೊದಲು ಭರ್ರೆಂದು ನುಗ್ಗಿತು, ಆಮೇಲೆ ತೆಳ್ಳಗಾಯಿತು, ಆಮೇಲೆ ನಿಂತಿತು. ನಿಂತದ್ದು ನನಗೆ ಖಚಿತವಾಗಿ ಗೊತ್ತು. ಏಕೆಂದರೆ ಒದ್ದೆ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಾಗ ಅದು ಚುರ್ ಎಂದದ್ದು ಮನೆಯಲ್ಲಿ ಬೇರೇನೂ ಸದ್ದಿಲ್ಲದಂತೆ ಕೇಳಿಸಿತು. ಅದಾಗಿ ಹತ್ತು ಹನ್ನೆರಡು ಸೆಕೆಂಡು ಕಳೆದ ಮೇಲೆ ಅತ್ತಿಗೆ ಮುಚ್ಚಳ ತಿರುಗಿಸಿದಳು.

ಮುಚ್ಚಳ ಹಾರಿ ಸೂರಿಗೆ ಬಡಿಯಲಿಲ್ಲ. ತಿರುಗುವಷ್ಟು ತಿರುಗಿ ಒಂದು ಪಕ್ಕಕ್ಕೆ ಎದ್ದಿತು. ಆ ಸಂದಿನಿಂದ ಕುದಿಯುವ ಗಂಜಿ ಅವಳ ಬಲಗೈ ಮೇಲೆ, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ, ಉಕ್ಕಿ ಸುರಿಯಿತು. ಅವಳು ಚೀರಲಿಲ್ಲ. "ನೀರು" ಎಂದಳು, ಅಷ್ಟೆ. ನಾನು ಅವಳ ಕೈಯನ್ನು ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಹಿಡಿದುಕೊಂಡಿದ್ದೆ. ಅದೊಂದು ಕೆಲಸವನ್ನು ಸರಿಯಾಗಿ ಮಾಡಿದೆ.

ಆಸ್ಪತ್ರೆಯ ವಾರ್ಡಿನಲ್ಲಿ ಅಪ್ಪ ಮೊದಲು ಬಾಯಿ ಬಿಟ್ಟರು. ಅವರು ಆಗ ನಡುಮನೆಯ ಕುರ್ಚಿಯಲ್ಲಿ ಕೂತಿದ್ದರಂತೆ, ಉಗಿಯ ಸದ್ದು ಇನ್ನೂ ಬರುತ್ತಿತ್ತಂತೆ, ಸದ್ದಿರುವಾಗಲೇ ಹುಡುಗಿ ಮುಚ್ಚಳಕ್ಕೆ ಕೈ ಹಾಕಿದಳಂತೆ. ಬೈಯುವ ದನಿಯಲ್ಲಿ ಹೇಳಲಿಲ್ಲ, ಮರುಕದಿಂದಲೇ ಹೇಳಿದರು. ಅಣ್ಣ ತಲೆಯಾಡಿಸಿದ. ಅತ್ತಿಗೆ ಹಾಸಿಗೆಯಿಂದ ನನ್ನ ಕಡೆ ತಿರುಗಿದಳು.

"ನೀನು ಬಾಗಿಲಲ್ಲೇ ಇದ್ದೆಯಲ್ಲ. ಸದ್ದು ಇತ್ತಾ, ನಿಂತಿತ್ತಾ?"

"ನಾನು ಗಮನಿಸ್ಲಿಲ್ಲ" ಎಂದೆ.

ಹಾಗೇಕೆ ಹೇಳಿದೆ ಎಂದು ವಿವರಿಸಬೇಕಾದರೆ ಅಪ್ಪನ ಕಿವಿಯ ವಿಷಯ ಹೇಳಬೇಕು. ಅಪ್ಪ ಬಟ್ಟೆಗೆ ಬಣ್ಣ ಹಾಕುವ ಗಿರಣಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಬಾಯ್ಲರ್ ನೋಡಿಕೊಂಡವರು. ಒಂದೇ ಒಂದು ಅಪಘಾತವಿಲ್ಲ. ಗಿರಣಿಯಲ್ಲಿ ಅವರನ್ನು ಕಿವಿಯಪ್ಪ ಎನ್ನುತ್ತಿದ್ದರು. ಯಾವ ಪೈಪಿನ ಯಾವ ಜೋಡಣೆಯಲ್ಲಿ ಉಗಿ ಸೋರುತ್ತಿದೆ ಎಂಬುದನ್ನು ಕಣ್ಣು ಮುಚ್ಚಿ ಹೇಳುತ್ತಿದ್ದರಂತೆ. ಮೀಟರಿನ ಮಾತೆತ್ತಿದರೆ, "ಆ ಮುಳ್ಳಿಗೆ ಎಣ್ಣೆ ಹಾಕಿದವನೂ ನಾನೇ, ಅದರ ಯೋಗ್ಯತೆ ನಂಗೊತ್ತು" ಎನ್ನುತ್ತಿದ್ದರು. ನಾನು ಓದಿದ್ದು ಭೌತಶಾಸ್ತ್ರ, ಹೊಟ್ಟೆಪಾಡು ಒತ್ತಡದ ಮೀಟರುಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಹಾಗಾಗಿ ಈ ಮಾತು ಮಗಳಾದ ನನಗೇ ಹೇಳಿದ್ದು ಎಂದು ಮನೆಯಲ್ಲಿ ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅಮ್ಮ ತೀರಿಕೊಂಡ ಮೇಲೆ ಮನೆಯ ಗಡಿಯಾರ, ನಲ್ಲಿ, ಬೀಗ ಎಲ್ಲದರ ಮೇಲೂ ಅವರ ಕಿವಿಯದೇ ಯಜಮಾನಿಕೆ.

ಕುಕ್ಕರನ್ನು ತಂದದ್ದು ಅಣ್ಣ. ಅದು ಕೂಗುವುದಿಲ್ಲ ಎಂಬುದೇ ಅಪ್ಪನಿಗೆ ಹಿಡಿಸದ ಸಂಗತಿ. ಮುಚ್ಚಳದ ಮೇಲೆ ಎರಡು ತೂತು: ಒಂದರಲ್ಲಿ ಉಗಿ ಬಿಡುವ ವಾಲ್ವು, ಇನ್ನೊಂದರಲ್ಲಿ ಕಡ್ಡಿಯಂಥ ಚಿಕ್ಕ ಪಿನ್ನು. ಒಳಗೆ ಒತ್ತಡ ಇರುವಷ್ಟು ಹೊತ್ತು ಪಿನ್ನು ಮೇಲೆದ್ದು ನಿಂತು ಮುಚ್ಚಳಕ್ಕೆ ಬೀಗ ಹಾಕಿರುತ್ತದೆ. ಒತ್ತಡ ಪೂರ್ತಿ ಇಳಿದರೆ ಮಾತ್ರ ಅದು ಕೆಳಗೆ ಬೀಳುತ್ತದೆ, ಬೀಗ ಬಿಡುತ್ತದೆ. ವರ್ಷ ಕಳೆಯುವುದರೊಳಗೆ ಪಿನ್ನಿನ ಬುಡದ ರಬ್ಬರು ಹರಿದು ಉಗಿ ಸೋರತೊಡಗಿತು. ಹೊಸ ರಬ್ಬರು ತರಿಸುವ ಬದಲು ಅಪ್ಪ ಪಿನ್ನನ್ನೇ ಕಿತ್ತು, ಆ ತೂತಿಗೆ ಹಿತ್ತಾಳೆಯ ತಿರುಪು ಬಿರಡೆಯೊಂದನ್ನು ಹಳೆಯ ಸ್ನೇಹಿತನ ಲೇಥಿನಲ್ಲಿ ಮಾಡಿಸಿ ಬಿಗಿದರು. ಪಿನ್ನು ಬರೀ ಆಟದ ಸಾಮಾನು, ಸದ್ದು ನಿಂತ ಮೇಲೆ ತೆಗೆದರೆ ಸಾಕು ಎಂದು ಮನೆಮಂದಿಗೆಲ್ಲ ಕಟ್ಟಪ್ಪಣೆಯಾಯಿತು. ಬಿರಡೆಯನ್ನು ನನಗೂ ತೋರಿಸಿದ್ದರು. ನಾನು ಕ್ಯಾಲಿಪರಿನಿಂದ ಅದರ ತಿರುಪಿನ ಸುತ್ತುಗಳ ಅಳತೆ ನೋಡಿ, ಚೆನ್ನಾಗಿ ಕೂತಿದೆ ಎಂದಿದ್ದೆ. ಅಳತೆ ನಿಜವಾಗಿಯೂ ಚೆನ್ನಾಗಿತ್ತು.

ಸೋಮವಾರ ಮುಚ್ಚಳವನ್ನು ಚೀಲದಲ್ಲಿ ಹಾಕಿಕೊಂಡು ಪ್ರಯೋಗಾಲಯಕ್ಕೆ ಹೋದೆ. ವಾಲ್ವಿನ ಒಳಬದಿಯಲ್ಲಿ, ಮುಚ್ಚಳದ ಕೆಳಗೆ, ಜಾಲರಿಯ ಟೋಪಿಯೊಂದು ಇರುತ್ತದೆ. ಬೇಳೆಕಾಳಿನ ನೊರೆ, ಸಿಪ್ಪೆ ವಾಲ್ವಿನೊಳಗೆ ಹೋಗದಿರಲಿ ಎಂದು. ಅದನ್ನು ಎಳೆದು ತೆಗೆದು ವಾರಕ್ಕೊಮ್ಮೆಯಾದರೂ ತೊಳೆಯಬೇಕು. ವಾಲ್ವಿನ ಆರೈಕೆ ಅಪ್ಪನದು, ಬೇರೆಯವರು ಮುಟ್ಟುವಂತಿರಲಿಲ್ಲ. ಪ್ರತಿ ಭಾನುವಾರ ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಮೇಲಿನ ಗುಂಡನ್ನು ಫಳಫಳ ಹೊಳೆಯುವಂತೆ ಉಜ್ಜುತ್ತಿದ್ದರು. ಕೆಳಗಿನ ಟೋಪಿ ಬಲು ಬಿಗಿ. ಸಂದುವಾತದ ಅವರ ಬೆರಳಿಗೆ ಅದು ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಯಾರಿಗೂ ಹೇಳಿರಲಿಲ್ಲ. ನಾನು ಇಕ್ಕಳದಲ್ಲಿ ಎಳೆದಾಗ ಅದರ ತೂತುಗಳಿಗೆಲ್ಲ ಬಟಾಣಿಯ ಸಿಪ್ಪೆ ಮೆತ್ತಿ, ತಿಂಗಳುಗಳ ಗಂಜಿ ಅಂಟಿನಂತೆ ಗಟ್ಟಿಯಾಗಿತ್ತು.

ಆದದ್ದು ಇಷ್ಟು: ಉಗಿ ಸ್ವಲ್ಪ ಹೊತ್ತು ಬಂದು, ಸಿಪ್ಪೆ ಸಿಕ್ಕಿಕೊಂಡು ನಿಂತಿತು. ಒಳಗೆ ಒತ್ತಡ ಉಳಿದಿತ್ತು. ಪಿನ್ನು ಇದ್ದಿದ್ದರೆ ಅದು ಮೇಲೆಯೇ ನಿಂತು ಮುಚ್ಚಳ ಬಿಡುತ್ತಿರಲಿಲ್ಲ. ಹತ್ತು ಕಿಲೋಪಾಸ್ಕಲ್ ಉಳಿದರೂ ಆ ಅಗಲದ ಮುಚ್ಚಳವನ್ನು ಸುಮಾರು ನಲವತ್ತು ಕಿಲೋ ಭಾರದಷ್ಟು ಬಲ ಮೇಲಕ್ಕೆ ಒತ್ತುತ್ತದೆ; ರಟ್ಟೆ ಗಟ್ಟಿಯಿದ್ದವರು ಅದನ್ನು ತಿರುಗಿಸಿಬಿಡಬಹುದು. ಅತ್ತಿಗೆಯ ರಟ್ಟೆ ಗಟ್ಟಿ.

ಇದನ್ನೆಲ್ಲ ಮನೆಯಲ್ಲಿ ಹೇಳಿದೆ. ಅಪ್ಪ ಗಮನವಿಟ್ಟು ಕೇಳಿದರು.

"ಕಟ್ಟಿಕೊಂಡಿರಬಹುದು, ನಾನು ಇಲ್ಲ ಅನ್ನಲ್ಲ. ಆದ್ರೆ ಸದ್ದು ಇತ್ತು. ಇತ್ತು ಅಂದ್ರೆ ಇತ್ತು. ಅವಳು ಕಾಯ್ಬೇಕಿತ್ತು."

ಆಗಲೂ ನಾನು ಟೋಪಿಯ ಬಗ್ಗೆ ಮಾತಾಡಿದೆ, ಒತ್ತಡದ ಬಗ್ಗೆ ಮಾತಾಡಿದೆ, ನನ್ನ ಕಿವಿಗೆ ಬಿದ್ದದ್ದರ ಬಗ್ಗೆ ಮಾತ್ರ ಆಡಲಿಲ್ಲ. ಅಪ್ಪನ ಕಿವಿ ಇತ್ತು ಎಂದ ಸದ್ದು ನನ್ನ ಕಿವಿಗೆ ಹೇಗೆ ಇಲ್ಲವಾದೀತು ಎಂದು, ದಿನ ಕಳೆದಂತೆ, ನನಗೇ ಅನುಮಾನ ಬರುವ ಹಾಗೆ ಮಾಡಿಕೊಂಡೆ.

ಅತ್ತಿಗೆ ಹೆಸರಿಗೆ ಅತ್ತಿಗೆ, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಜೀರಿಗೆ ಕಾಳಿನಷ್ಟು ಸ್ಕ್ರೂಗಳನ್ನು ಬರಿಗೈಯಲ್ಲಿ ಎತ್ತಿ ತಿರುಗಿಸುತ್ತಿದ್ದಳು. ಮಾವನಿಗೆ ಅವಳು ಇಟ್ಟ ಹೆಸರು ಬಾಯ್ಲರ್ ಮಾವ. ಅವರ ಎದುರಿಗೇ ಹಾಗೆ ಕರೆದು ನಗಿಸುತ್ತಿದ್ದಳು. ಆಸ್ಪತ್ರೆಯಿಂದ ಬಂದ ಆರನೆಯ ದಿನ ಅಣ್ಣ ಅವಳಿಗೆ, ಅಪ್ಪನ ಕಿವಿ ತಪ್ಪುವುದಿಲ್ಲ, ಅವಸರದಲ್ಲಿ ಆಗಿಹೋಯಿತು, ನಿನ್ನನ್ನು ಯಾರೂ ಬೈಯುತ್ತಿಲ್ಲವಲ್ಲ, ಬಿಟ್ಟುಬಿಡು ಎಂದ. ಅವಳು ಎಡಗೈಯಲ್ಲೇ ಬಟ್ಟೆ ತುಂಬಿಕೊಂಡು, ಕೈಗೆ ವ್ಯಾಯಾಮ ಮಾಡಿಸುವ ಚಿಕಿತ್ಸಾಲಯಕ್ಕೆ ಹತ್ತಿರ ಎಂದು ತನ್ನ ಅಕ್ಕನ ಮನೆಗೆ ಹೊರಟಳು. ಹೊಸ್ತಿಲಲ್ಲಿ ನಿಂತು ಹೇಳಿದಳು:

"ಸದ್ದು ನಿಂತ ಮೇಲೇ ನಾನು ತೆಗೆದದ್ದು. ಹಾಗಂತ ಈ ಮನೇಲಿ ಯಾರಾದ್ರೂ ಒಬ್ಬರು ಹೇಳಿ, ಬರ್ತೀನಿ. ಬೇರೆ ಏನೂ ಬೇಡ."

ಏಪ್ರಿಲ್ ಮೊದಲ ವಾರ, ಬೆಳಗಿನ ತಿಂಡಿ ಹೊತ್ತು. ಒಲೆ ಹಚ್ಚಿರಲಿಲ್ಲ; ನಾವು ಬ್ರೆಡ್ಡು ತಿನ್ನುತ್ತಿದ್ದೆವು. ಅಪ್ಪ ತಟ್ಟೆಯಿಂದ ತಲೆಯೆತ್ತಿ, ಅದನ್ನು ಆರಿಸಬಾರದೇ, ಆಗಿನಿಂದ ಸುಯ್ಯೆನ್ನುತ್ತಿದೆ ಎಂದರು. ಯಾವುದನ್ನು ಎಂದು ಅಣ್ಣ ಕೇಳಿದ. ಕುಕ್ಕರನ್ನು, ಎಂದರು. ಕುಕ್ಕರು ಅಟ್ಟದ ಮೇಲಿತ್ತು. ಅದರ ಮುಚ್ಚಳ ಪ್ರಯೋಗಾಲಯದ ನನ್ನ ಕಪಾಟಿನಲ್ಲಿತ್ತು.

ಅಣ್ಣ ಬ್ರೆಡ್ಡಿನ ತುಂಡನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. ನಾನು ಅಪ್ಪನನ್ನು, ಈಗಲೂ ಕೇಳಿಸುತ್ತಿದೆಯೇ ಎಂದು ಕೇಳಿದೆ. ಕೇಳಿಸದೆ ಏನು, ನಾನೇನು ಕಿವುಡನೇ ಎಂದು ರೇಗಿದರು.

ಕಿವಿಯ ಪರೀಕ್ಷೆಗೆ ಅವರು ಸುಲಭವಾಗಿ ಒಪ್ಪಿದ್ದು ನನಗೆ ಆಶ್ಚರ್ಯ. ಗೆಲ್ಲುವ ಪಂದ್ಯಕ್ಕೆ ಹೊರಟವರಂತೆ ಒಗೆದ ಅಂಗಿ ತೊಟ್ಟು ಬಂದರು. ಸದ್ದು ನುಗ್ಗದ ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, ಸ್ವರ ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಅಪ್ಪ ಒತ್ತುತ್ತಲೇ ಹೋದರು. ಸ್ವರ ಬಿಟ್ಟಾಗಲೂ, ಬಿಡದಿದ್ದಾಗಲೂ. ಪರೀಕ್ಷೆ ಮಾಡುವಾಕೆ ಎರಡು ಸಲ ಮೊದಲಿನಿಂದ ಶುರು ಮಾಡಿದಳು. ಕೊನೆಗೆ ನಕ್ಷೆ ಬಂತು: ನಾಲ್ಕು ಸಾವಿರ ಹರ್ಟ್ಸ್ ದಾಟಿದ ಮೇಲೆ, ಎಂದರೆ ಉಗಿ ಸುಯ್ಯೆನ್ನುವ ಎತ್ತರದಲ್ಲಿ, ಎರಡೂ ಕಿವಿಗೆ ಹೆಚ್ಚೇನೂ ಉಳಿದಿಲ್ಲ. ಇರುವುದು ಕಿವಿಯೇ ಹುಟ್ಟಿಸುವ ಮೊರೆತ. ಬಾಯ್ಲರ್ ಮನೆಯಲ್ಲಿ ದುಡಿದವರಿಗೆ ಇದು ಸಾಮಾನ್ಯ ಎಂದು ಆಕೆ ಸಮಾಧಾನ ಹೇಳಿದಳು.

ಮನೆಯಲ್ಲಿ ಊಟದ ಮೇಜಿನ ಮುಂದೆ ಅದನ್ನು ಅಣ್ಣನಿಗೂ ಕೇಳಿಸುವಂತೆ ಓದಿದೆ.

"ಯಾವಾಗಿಂದ?" ಅಪ್ಪ ಕೇಳಿದರು.

ಹೇಳಲು ಬರುವುದಿಲ್ಲ ಎಂದೆ.

"ಗಿರಣೀಲಿದ್ದಾಗಲೇ ಇತ್ತಾ?"

ಅವರು ಎದ್ದು ಹೋಗಿ ನಲ್ಲಿ ಬಿಟ್ಟು, ನೀರಿಗೆ ಕಿವಿ ಬಾಗಿಸಿ ನಿಂತರು. ಸೊಸೆಯ ಮಾತು ಅವರ ಬಾಯಲ್ಲಿ ಬರಲಿಲ್ಲ. ಅಣ್ಣ ಕಾಗದವನ್ನು ಮಡಿಸಿ ನನ್ನ ಕೈಗಿಟ್ಟು, ನೀನೇ ಹೋಗಿ ತೋರಿಸಿ ಕರೆದುಕೊಂಡು ಬಾ, ನಿನಗೆ ವಿವರಿಸಲು ಬರುತ್ತದೆ ಎಂದ.

ಹೋದೆ. ಅತ್ತಿಗೆಯ ಅಕ್ಕ ಬಾಗಿಲು ತೆರೆದು, ಒಳಗಿದ್ದಾಳೆ ಎಂದಷ್ಟೇ ಹೇಳಿ ಮಹಡಿಗೆ ಬಟ್ಟೆ ಒಣಗಿಸಲು ಹೋದಳು. ಅತ್ತಿಗೆ ಕಿಟಕಿಯ ಬಳಿ ಮೇಜಿಗೆ ಕೂತು, ಹಳೆಯ ಕನ್ನಡಕದ ಸ್ಕ್ರೂವನ್ನು ಎಡಗೈಯಿಂದ ತಿರುಗಿಸಲು ನೋಡುತ್ತಿದ್ದಳು. ಬಲಗೈಯ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ, ಬೆರಳುಗಳ ನಡುವೆ ಜಗ್ಗಿಕೊಂಡಿತ್ತು. ನಾನು ಕಾಗದ ಬಿಡಿಸಿ ನಕ್ಷೆ ತೋರಿಸಿ ಎಲ್ಲ ವಿವರಿಸಿದೆ. ಅವಳು ಕೊನೆಯವರೆಗೂ ಕೇಳಿದಳು.

"ಪಾಪ, ಬಾಯ್ಲರ್ ಮಾವ. ಸುಳ್ಳು ಹೇಳಿಲ್ಲ ಅಂದ ಹಾಗಾಯ್ತು" ಎಂದಳು.

"ಹೌದು. ಅವರಿಗೆ ಹಾಗೇ ಕೇಳಿಸ್ತಿತ್ತು."

"ನಿಂಗೆ?"

ನಾನು ಕಾಗದ ಮಡಿಸಿದೆ. "ನಿಂತದ್ದು ಕೇಳಿಸಿತ್ತು."

"ಯಾವಾಗ ಕೇಳಿಸ್ತು? ಈ ಕಾಗದ ಬಂದ ಮೇಲಾ?"

"ಅವತ್ತೇ."

ಅವಳು ಸ್ಕ್ರೂವನ್ನು ಬಟ್ಟಲಿಗೆ ಹಾಕಿ, ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಮಾವನಿಗೆ ಕಿವಿ ಕೇಳಲ್ಲ, ಅದಕ್ಕೆ ಕಾಗದ ಇದೆ. ನಿನ್ನ ಅಣ್ಣ ಮನೇಲೇ ಇರ್ಲಿಲ್ಲ. ನಿಂಗೇನಾಗಿತ್ತು?"

ಅಪ್ಪ ಹೇಳಿದ ಮೇಲೆ ಇನ್ನೇನು, ಎಂದು ಶುರು ಮಾಡಿ ನಿಲ್ಲಿಸಿದೆ. ಮೂವತ್ತೆಂಟು ವರ್ಷದವಳ ಬಾಯಿಂದ ಆ ಮಾತು ನನಗೇ ನಾಚಿಕೆಯಾಗುವಂತೆ ಹೊರಟಿತ್ತು. ಮನೆಗೆ ಬಾ ಎಂದೆ. ಈಗ ಅಂಗಡಿಯವರು ಬೇರೊಬ್ಬಳನ್ನು ಇಟ್ಟುಕೊಂಡಿದ್ದಾರೆ, ಇಲ್ಲಿ ಇರುವುದೇ ಸಲೀಸು ಎಂದಳು. ಯಾವಾಗ ಬರುತ್ತೀಯ ಎಂದು ಕೇಳಿದೆ. ಅವಳು ಮೇಜಿನ ಖಾನೆಯಿಂದ ಎರಡು ತೋಳಿನ ಪಾರದರ್ಶಕ ಅಳತೆಪಟ್ಟಿಯೊಂದನ್ನು ತೆಗೆದಳು. ಬೆರಳು ಎಷ್ಟು ಮಡಿಯುತ್ತದೆ ಎಂದು ದಿನವೂ ನೋಡಿ ಬರೆದಿಡಲು ಚಿಕಿತ್ಸಾಲಯದವರು ಕೊಟ್ಟದ್ದು. ಎಡಗೈ ಒಂದರಲ್ಲೇ ಅದನ್ನು ಹಿಡಿಯುವುದು ಕಷ್ಟವಂತೆ.

"ಇವತ್ತಿನದು ನೀನೇ ನೋಡು. ಅಳೆದದ್ದಾದ್ರೆ ನೀನು ನಂಬ್ತೀಯ."

ಪಟ್ಟಿಯ ತಿರುಗಣಿಯನ್ನು ಅವಳ ತೋರುಬೆರಳಿನ ಬುಡದ ಗೆಣ್ಣಿನ ಮೇಲಿಟ್ಟೆ. ಒಂದು ತೋಳನ್ನು ಅಂಗೈಯ ಹಿಂಬದಿಗೆ, ಇನ್ನೊಂದನ್ನು ಬೆರಳಿನ ಉದ್ದಕ್ಕೆ ಸರಿಯಾಗಿ ಕೂರಿಸಿದೆ. ಮಡಿಸು ಎಂದೆ. ಅವಳು ತುಟಿ ಕಚ್ಚಿ ಮಡಿಸಿದಳು. ಇನ್ನೂ ಸ್ವಲ್ಪ ಎಂದೆ. ಇಷ್ಟೇ ಎಂದಳು. ಎರಡನೆಯ ಸಲ ನೋಡಿದೆ, ಅದೇ ಬಂತು. ತೊಂಬತ್ತು ಡಿಗ್ರಿ ಮಡಿಯಬೇಕಾದ ಗೆಣ್ಣು ಮೂವತ್ತೊಂದು ಡಿಗ್ರಿ ಮಡಿಯಿತು.