ಸುರಂಗದ ಬಾಯಲ್ಲಿ ಎರಡು ಜೋಡಿ ಚಪ್ಪಲಿ

ಬೀದರಿನ ಕೆಂಪುಕಲ್ಲಿನ ಗುಡ್ಡದಡಿ ಸುಲ್ತಾನರ ಕಾಲದಲ್ಲಿ ಕೊರೆದ ನೀರಿನ ಸುರಂಗವೊಂದಿತ್ತು. ಅದರ ಹೂಳು ತೆಗೆಯುತ್ತಲೇ ಮಡೆಪ್ಪ ಮತ್ತು ಚಾಂದಸಾಬ ಇಪ್ಪತ್ತು ವರ್ಷ ಕಳೆದಿದ್ದರು. ಭಾರತದ ಸೇನೆ ನಡೆಸಿದ ಪೊಲೀಸ್ ಆಕ್ಷನ್ ಮುಗಿದು ನಿಜಾಮನ ರಾಜ್ಯ ಬಿದ್ದ ವಾರದಲ್ಲಿ, ನಿಜಾಮನ ಪರ ಊರುಗಳನ್ನು ದೋಚಿದ್ದ ರಜಾಕಾರರ ಮೇಲಿನ ಸೇಡನ್ನು ಕೈಗೆ ಸಿಕ್ಕ ಮುಸಲ್ಮಾನರ ಮೇಲೆ ತೀರಿಸಿಕೊಳ್ಳಲು ಗುಂಪೊಂದು ಹೊರಟಿತು. ಮಡೆಪ್ಪ ಗೆಳೆಯನನ್ನು ಎಳೆದುಕೊಂಡು ಬಾವಿಯೊಂದರ ಮೂಲಕ ಸುರಂಗಕ್ಕಿಳಿದ.

ಸೊಂಟಮಟ್ಟ ನೀರು, ತಲೆಗೆ ತಾಗುವ ಕಲ್ಲು. ಆ ಕಲ್ಲಿನ ಒಂದೊಂದು ಉಳಿಯೇಟೂ ಅವರಿಗೆ ಗೊತ್ತು. ಇಂದು ಮಾತ್ರ ಅದು ಗೋರಿಯಂತೆ ಮೈಮೇಲೆ ಕೂತಿತ್ತು. ಮುಂದೆ ಮಣ್ಣು ಕುಸಿದಿತ್ತು. ಹೊರಗೆ ಹೋಗಲು ಇಳಿದ ಬಾವಿಯೊಂದೇ ದಾರಿ.

"ಮಡೆಪ್ಪಾ, ಚಪ್ಪಲಿ," ಎಂದು ಚಾಂದಸಾಬ ಪಿಸುಗುಟ್ಟಿದ.

ಊರು ಕುಡಿಯುವ ನೀರಿಗೆ ಚಪ್ಪಲಿ ಮೆಟ್ಟಿ ಇಳಿಯಬಾರದೆಂದು ಇಬ್ಬರೂ ರೂಢಿಯಂತೆ ಅವನ್ನು ಮೇಲೆಯೇ ಬಿಟ್ಟಿದ್ದರು. ಜೀವ ಉಳಿಸಿಕೊಳ್ಳಲು ಓಡುವಾಗಲೂ ಈ ಹಾಳು ಕಾಲುಗಳು ಮರ್ಯಾದೆ ಮರೆತಿರಲಿಲ್ಲ.

ಮೇಲೆ ಗುಂಪಿನ ಹೆಜ್ಜೆಗಳು ನಿಂತವು.

"ಇವು ಯಾರವು?"

"ನಮ್ಮನಿಯವರವು ರೀ. ಹೂಳು ತೆಗ್ಯಾಕ ಇಳದಾರ," ಎಂದಳು, ನೀರಿಗೆ ಬಂದಿದ್ದ ಮಡೆಪ್ಪನ ಹೆಂಡತಿ ಗುಂಡಮ್ಮ.

"ಎರಡು ಜೋಡಿ ಅದಾವಲ್ಲ?"

ಕೆಳಗೆ ಇಬ್ಬರೂ ಕುಸಿದ ಮಣ್ಣಿನತ್ತ ಇನ್ನಷ್ಟು ಸರಿದರು.

"ಒಂದು ನನ್ನವು ರೀ."

"ನಿನ್ನವಾದ್ರ ಮೆಟ್ಟಿ ನಡಿ. ನೋಡ್ತೀವಿ."

ಗುಂಡಮ್ಮ ಹುಟ್ಟಿದಾಗಿನಿಂದ ಕಾಲಿಗೆ ಚಪ್ಪಲಿ ಹಾಕಿದವಳಲ್ಲ. ಮಡೆಪ್ಪ ಕಣ್ಣು ಮುಚ್ಚಿ ಕಿವಿಗೊಟ್ಟ. ಚಾಂದಸಾಬನ ಚಪ್ಪಲಿ ಕಲ್ಲಿನ ಮೇಲೆ ಚಟ್ ಚಟ್ ಎನ್ನುತ್ತ, ತುಂಬಿದ ಕೊಡದ ಭಾರ ಹೊತ್ತು, ಮನೆಯ ದಾರಿ ಹಿಡಿಯಿತು.

ಒಮ್ಮೆಯೂ ಎಡವಲಿಲ್ಲ.